ಶಿರಸಿ ಹುಬ್ಬಳ್ಳಿ ರೋಡಿನ ಲಾರಿ ಗ್ಯಾರೇಜ್, ನಾಲ್ಕು ಸ್ಟಾರ್

ನಮ್ದು 2018ರ ಬಿಎಸ್4 (ಸರ್ಕಾರದ ಹೊಗೆ ನಿಯಮದ ನಾಲ್ಕನೇ ಹಂತ) ಲಾರಿ, ಆರು ಚಕ್ರದ್ದು, ಕುಮಟಾ ಕಡೆಯಿಂದ ಚಿರೆಕಲ್ಲು ಹೇರ್ಕೊಂಡು ಶಿರಸಿಗೆ ಬರೋದೇ ಕೆಲಸ. ಈ ಸಲ ಮಳೆಗಾಲ ಮುಗಿದಾಗಿಂದ ದೇವಿಮನೆ ಘಾಟಿಲಿ ಎರಡನೇ ಗೇರಲ್ಲೂ ಗಾಡಿ ಎಳೆಯಲ್ಲ, ಕರೀ ಹೊಗೆ ಬೇರೆ, ಹಿಂದೆ ಬರೋ ಬೈಕ್‌ನವ್ರೆಲ್ಲ ಓವರ್‌ಟೇಕ್ ಮಾಡಿ ತಿರುಗಿ ಬೈದೇ ಹೋಗ್ತಿದ್ರು.

ಮೊದಲು ತೋರಿಸಿದ ಕಡೆ ಕ್ಯಾಬಿನ್ ಕೂಡ ಎತ್ತದೇ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಹೋಗಿದೆ ಅಂದ್ರು. ಇನ್ನೊಬ್ಬ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ಪೂರ್ತಿ ಸೆಟ್ ಬದಲಿಸು ಅಂದ. ಮೂರನೆಯವ ಈಜಿಆರ್ ವಾಲ್ವ್ (ಸುಟ್ಟ ಹೊಗೆನ ವಾಪಸ್ ಇಂಜಿನ್‌ಗೆ ಬಿಡೋ ಬಾಗಿಲು) ಅಂತ ಸರಿಯಾಗೇ ಹಿಡಿದ, ಆದ್ರೆ ಅವನ ಮದ್ದು ಡಮ್ಮಿ ಪ್ಲೇಟ್ ಹಾಕಿ ಮುಚ್ಚಿಬಿಡೋದು.

ಈ ಗ್ಯಾರೇಜಿನ ಮೇಸ್ತ್ರಿ ಮೊದ್ಲು ಕೇಳಿದ್ದು, "ಹೊಗೆ ಕಪ್ಪೋ ಬಿಳಿಯೋ? ರೇಡಿಯೇಟರ್ ನೀರು ಇಳೀತದಾ?" ನೀರು ಇಳಿದ್ರೆ ಆ ಹೊಗೆನ ತಣ್ಣಗೆ ಮಾಡೋ ಈಜಿಆರ್ ಕೂಲರ್ ಸೋರಿರಬಹುದಂತೆ. ಇಳಿತಿರ್ಲಿಲ್ಲ. ಆಮೇಲೆ ವಾಲ್ವ್ ಬಿಚ್ಚಿ ನನ್ನ ಕೈಗೇ ಕೊಟ್ರು. ಮಸಿ ಅಂದ್ರೆ ಬಚ್ಚಲು ಹಂಡೆ ತಳದಲ್ಲಿರೋ ಒಣ ಮಸಿ ಅಲ್ಲ ಮಾರಾಯ್ರೆ, ಆಯಿಲ್ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗಿತ್ತು, ಮುಚ್ಕೋಬೇಕಾದ ಜಾಗದಲ್ಲಿ ಉಗುರು ತೂರುವಷ್ಟು ಸಂದಿ. ಸುಟ್ಟ ಹೊಗೆ ಸ್ವಲ್ಪ ವಾಪಸ್ ಇಂಜಿನ್‌ಗೆ ಬಿಟ್ರೆ ಒಳಗಿನ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಅನ್ನೋ ಕೆಟ್ಟ ಗ್ಯಾಸ್ ಕಮ್ಮಿಯಾಗ್ತದೆ, ಅದಕ್ಕೇ ಈ ವಾಲ್ವ್ ಇರೋದು, ಆದ್ರೆ ಲೋಡ್ ಮೇಲೆ ಏರು ಹತ್ತುವಾಗ ಇದು ಬಾಯಿ ಬಿಟ್ಕೊಂಡೇ ಕೂತ್ರೆ ಗಾಳಿ ಹೋಗೋ ಜಾಗದಲ್ಲಿ ಹೊಗೆ ಹೋಗಿ ಡೀಸೆಲ್ ಪೂರ್ತಿ ಉರಿಯಲ್ಲ.

ಹೊಸ ವಾಲ್ವ್ ರೇಟು ಕೇಳಿ ತಲೆ ತಿರುಗಿ, ಪ್ಲೇಟೇ ಹಾಕಿಬಿಡಿ ಅಂತ ನಾನೇ ಅಂದೆ. "ಹತ್ತು ನಿಮಿಷದ ಕೆಲಸ ಅಣ್ಣಾ, ಆದ್ರೆ ನಾ ಹಾಕೂದಿಲ್ಲ" ಅಂದ್ರು. ಪ್ಲೇಟ್ ಹಾಕಿದ್ರೆ ಆ ಕೆಟ್ಟ ಗ್ಯಾಸ್ ಹೆಚ್ಚಾಗ್ತದೆ, ಹೊಗೆ ಕೇಸಿಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ದಂಡ 10,000 ತನಕ ಇದೆ, ನಮ್ ಗಾಡಿಗೆ ಎಂಟು ವರ್ಷ ತುಂಬಿದ್ರಿಂದ ಎಫ್‌ಸಿನೂ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್) ಇನ್ಮೇಲೆ ವರ್ಷಾ ವರ್ಷ. ವಾಲ್ವಿನ ಮೋಟರ್ ಇನ್ನೂ ಚೆನ್ನಾಗಿದೆ, ತೊಳೆದು ನೋಡುವಾ ಅಂತ ಅವರೇ ಹೇಳಿ, ಮೋಟರಿಗೆ ತೊಳೆಯೋ ಕ್ಲೀನರ್ ದ್ರವ ತಾಗದ ಹಾಗೆ ಮೋಟರ್ ಇರೋ ಕಡೆ ಮೇಲೆ ಮಾಡಿ ಹಿಡ್ಕೊಂಡು ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ಹೆಬ್ಬೆರಳಲ್ಲಿ ಒತ್ತಿ ಬಿಟ್ರೆ ಟಕ್ ಅಂತ ಮುಚ್ಕೊಂತು.

ಲೇಬರ್, ಕ್ಲೀನರ್, ಹೊಸ ಪ್ಯಾಕಿಂಗ್ (ಜೋಡಣೆ ಸೋರದ ಹಾಗೆ ಮಧ್ಯೆ ಹಾಕೋ ಹಾಳೆ) ಸೇರಿ 3,800. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಒಂದು ದಿನ ಅಂದಿದ್ದು ಮೂರು ದಿನ ಆಯ್ತು, ಪ್ಯಾಕಿಂಗ್ ಹುಬ್ಬಳ್ಳಿಯಿಂದ ಬಸ್ಸಲ್ಲಿ ಬರ್ಬೇಕಿತ್ತಂತೆ, ಫೋನೂ ಎತ್ತಲ್ಲ, ನಾನು ಎದುರಿನ ಅಂಗಡೀಲಿ ಕಷಾಯ ಕುಡಿದಿದ್ದಕ್ಕೆ ಲೆಕ್ಕ ಇಲ್ಲ. ಬಿಲ್ಲೂ ಸಿಗರೇಟ್ ಪ್ಯಾಕಿನ ಹಿಂದೆ ಬರ್ದು ಕೊಟ್ರು.

ಮೊನ್ನೆ ಫುಲ್ ಲೋಡಲ್ಲಿ ದೇವಿಮನೆ ಹತ್ತಿದೆ, ಹೊಗೆ ಇಲ್ಲ. ಹೋಗೋರು ಬೆಳಿಗ್ಗೆ ಎಂಟರೊಳಗೆ ಹೋಗಿ, ಒಳಗೆ ಎರಡೇ ಲಾರಿಗೆ ಜಾಗ.