ಸ್ಲೈಮ್ ಮೋಲ್ಡ್: ಟ್ರೇಯಲ್ಲಿ ಬೆಳೆಸಬೇಕಾ, ಕಂಪ್ಯೂಟರಿನಲ್ಲಿ ಓಡಿಸಬೇಕಾ?

ಫೈಸಾರಮ್ ಪಾಲಿಸೆಫಾಲಮ್ ಎಂಬ ಹಳದಿ ಸ್ಲೈಮ್ ಮೋಲ್ಡ್ (ಲೋಳೆಯಂತೆ ಹರಿದಾಡುವ ಜೀವಿ) ಬಗ್ಗೆ ಓದಿದವರಿಗೆ ಟೋಕಿಯೋ ರೈಲಿನ ಪ್ರಯೋಗ ಗೊತ್ತಿರುತ್ತದೆ. ನಕ್ಷೆಯಲ್ಲಿ ಟೋಕಿಯೋ ಸುತ್ತಲಿನ 36 ಊರುಗಳ ಜಾಗದಲ್ಲಿ ಅದರ ಆಹಾರವಾದ ಓಟ್ಸ್ ಇಟ್ಟರು. ಸುಮಾರು ಒಂದು ದಿನದಲ್ಲಿ ಅದು ಎಲ್ಲವನ್ನೂ ಜೋಡಿಸಿ, ಅಲ್ಲಿನ ರೈಲು ಜಾಲವನ್ನು ಹೋಲುವ ಜಾಲ ಕಟ್ಟಿತು. ಅತ್ಸುಶಿ ತೆರೋ, ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 2010ರಲ್ಲಿ. ಮಿದುಳಿಲ್ಲ, ನರವಿಲ್ಲ. ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್‌ಗಳಿರುವ ಒಂದೇ ಒಂದು ಜೀವಕೋಶ!

ಇಂಥ ಜಾಲವನ್ನು ಮನೆಯಲ್ಲೇ ನೋಡಲು ಮೂರು ದಾರಿಗಳಿವೆ. ಜೀವಂತ ಸ್ಲೈಮ್ ಮೋಲ್ಡ್ ಬೆಳೆಸುವುದು, ಸಂಶೋಧಕ ಜೆಫ್ ಜೋನ್ಸ್ ಅವರ ಕಣಗಳ ಪ್ರೋಗ್ರಾಂ ಓಡಿಸುವುದು, ಇಲ್ಲವೇ ಜಾಲದ ಕೊಳವೆಗಳಲ್ಲಿ ರಸ ಹರಿಯುವ ತೆರೋ ಅವರ ಲೆಕ್ಕ ಮಾಡುವುದು. ಕರ್ನಾಟಕದ ಒಂದೇ ನಕ್ಷೆ ಇಟ್ಟುಕೊಂಡು ಮೂರನ್ನೂ ಮಾಡಿದೆ.

ಜೀವಂತದ್ದರಿಂದಲೇ ಶುರು ಮಾಡುತ್ತೇನೆ, ನನ್ನ ಮನಸ್ಸು ಇರುವುದು ಅಲ್ಲೇ. ಲ್ಯಾಬಿನಲ್ಲಿರುವ ಗೆಳತಿಯೊಬ್ಬಳು ಫಿಲ್ಟರ್ ಪೇಪರಿನ ಮೇಲೆ ಒಣಗಿಸಿದ ಚೂರು ಕೊಟ್ಟಿದ್ದಳು. ನೀರು ಚಿಮುಕಿಸಿ, ಕತ್ತಲಲ್ಲಿಟ್ಟು, ಪಕ್ಕದಲ್ಲಿ ಓಟ್ಸ್ ಇಟ್ಟರೆ ಅದು ಎದ್ದು ಹರಿಯತೊಡಗುತ್ತದೆ. ಅದರ ಅಡಿಗೆ ಹಾಸಲು ಒದ್ದೆ ಟಿಶ್ಯೂ ಆಗುತ್ತೆ, ಆದರೆ ಬೇಗ ಒಣಗುತ್ತೆ. ಅಂಗಡಿಯ ಚೈನಾ ಗ್ರಾಸನ್ನು (ಅಗರ್) ಬರೀ ನೀರಲ್ಲಿ ಕುದಿಸಿ ಟ್ರೇಗೆ ಸುರಿದರೆ ಅದಕ್ಕಿಂತ ಎಷ್ಟೋ ಮೇಲು. ಓಟ್ಸಿಗೆ ಬೂಷ್ಟು ಹಿಡಿದರೆ, ಸ್ಲೈಮ್ ಮೋಲ್ಡಿನ ಮುಂದಿನ ಅಂಚನ್ನು ಚೈನಾ ಗ್ರಾಸ್ ಸಮೇತ ಕತ್ತರಿಸಿ ಹೊಸ ಟ್ರೇಗೆ ಹಾಕಿ. ಮತ್ತೆ ಬೆಳೆಯುತ್ತದೆ.

ಊರುಗಳಿಗೆ ಓಟ್ಸ್, ಪಶ್ಚಿಮ ಘಟ್ಟಕ್ಕೆ ಬೆಳಕು. ಬೆಳಕೆಂದರೆ ಇದಕ್ಕೆ ಆಗಲ್ಲ. ಟೋಕಿಯೋ ಪ್ರಯೋಗದಲ್ಲೂ ಬೆಟ್ಟ, ಸಮುದ್ರಗಳನ್ನು ತೋರಿಸಿದ್ದು ಬೆಳಕಿನಿಂದಲೇ. ಟ್ರೇ ಮೇಲೆ ಕಪ್ಪು ಕಾಗದ ಮುಚ್ಚಿ, ಘಟ್ಟದ ಉದ್ದಕ್ಕೂ ಸೀಳು ಬಿಟ್ಟು, ಮೇಲಿಂದ ಎಲ್‌ಇಡಿ ಹಾಕಿದೆ. ಶಿರಾಡಿ ಇರುವ ಕಡೆ ಮಾತ್ರ ಕಾಗದ ಸೀಳಲಿಲ್ಲ. ಹಾಸನದ ಓಟ್ಸಿನಿಂದ ಹೊರಟ ಹಳದಿ ಅಂಚು ಬೆಳಕಿನ ಪಟ್ಟಿಯ ಬಳಿ ತಡೆದು ನಿಂತಿತು, ಅತ್ತಿತ್ತ ಕವಲೊಡೆಯಿತು. ಒಂದೆರಡು ಸಣ್ಣ ಎಳೆಗಳು ಬೆಳಕಲ್ಲೇ ದಾಟಿದವು. ದಪ್ಪ ಕೊಳವೆ ಮಾತ್ರ ಶಿರಾಡಿಯ ಕತ್ತಲಲ್ಲೇ ಮಂಗಳೂರಿಗೆ ಇಳಿಯಿತು.

ಆಮೇಲೆ ಆ ಕೊಳವೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಒಳಗಿನ ರಸ ಒಂದು ದಿಕ್ಕಿಗೆ ರಭಸವಾಗಿ ಹರಿಯುತ್ತಿರುತ್ತದೆ. ಮೆಲ್ಲಗೆ ನಿಧಾನವಾಗಿ, ನಿಂತು, ವಾಪಸ್ ಹರಿಯುತ್ತದೆ. ಸುಮಾರು ಒಂದೆರಡು ನಿಮಿಷಕ್ಕೊಮ್ಮೆ ಹೀಗೆ ದಿಕ್ಕು ಬದಲು. ಕೊಳವೆಯ ಗೋಡೆಯಲ್ಲಿರುವ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್‌ಗಳು ಅದನ್ನು ಹಿಂಡುತ್ತವೆ, ನಮ್ಮ ಸ್ನಾಯುಗಳಲ್ಲಿ ಇರುವಂಥವೇ. ಮುಂದಕ್ಕೆ ಹೋಗುವ ರಸ ವಾಪಸ್ ಬರುವುದಕ್ಕಿಂತ ತುಸು ಜಾಸ್ತಿಯಾದರೆ ಇಡೀ ಜೀವಿ ಮುಂದೆ ಸಾಗುತ್ತದೆ. ಚಲನೆಯ ಬಗ್ಗೆ ಕೆಲಸ ಮಾಡುವವರು ಇದರ ಬೆನ್ನು ಬಿದ್ದಿರುವುದು ಇದಕ್ಕೇ. ಸೌತಾಂಪ್ಟನ್‌ನಲ್ಲಿ ಕ್ಲಾಸ್-ಪೀಟರ್ ಝೌನರ್ ತಂಡ 2006ರ ಹೊತ್ತಿಗೆ ಇದೇ ಮಿಡಿತದಿಂದ ಆರು ಕಾಲಿನ ರೋಬಾಟನ್ನು ನಡೆಸಿತ್ತು.

ಇನ್ನು ಜೋನ್ಸ್ ಅವರ ಕಣಗಳು. ಪ್ರತಿ ಕಣಕ್ಕೂ ಮುಂದೆ, ಎಡಕ್ಕೆ, ಬಲಕ್ಕೆ ಒಂದೊಂದು ಸೆನ್ಸರ್. ಎಲ್ಲಿ ಜಾಡು ಗಾಢವಾಗಿದೆಯೋ ಅತ್ತ ತಿರುಗುತ್ತದೆ, ಹೆಜ್ಜೆ ಇಡುತ್ತದೆ, ತಾನೂ ಜಾಡು ಬಿಡುತ್ತದೆ. ಜಾಡು ಹರಡಿ ಆರುತ್ತದೆ. ಇಷ್ಟೇ ನಿಯಮ. ಸಾವಿರಾರು ಕಣ ಬಿಟ್ಟರೆ ಪರದೆ ತುಂಬ ಜಾಲ ಹೆಣೆದುಕೊಳ್ಳುತ್ತದೆ, ಕಣ್ಣು ಕೀಳೋಕೆ ಆಗಲ್ಲ. ಸೆನ್ಸರಿನ ಕೋನ, ದೂರ ಬದಲಿಸಿದರೆ ಬಲೆ ಹೋಗಿ ಚುಕ್ಕೆಗಳೂ ಆಗಬಹುದು. ನೂರು ನಕ್ಷೆ ಬೇಕಾದರೂ ಒಂದೇ ಸಂಜೆಗೆ ಓಡಿಸಬಹುದು. ಆದರೆ ಹೆಚ್ಚು ಹೊತ್ತು ಬಿಟ್ಟರೆ ಅಡ್ಡದಾರಿಗಳು ಒಂದೊಂದಾಗಿ ಕೂಡಿಕೊಂಡು ಜಾಲ ಬಡವಾಗುತ್ತದೆ. ನಾನು ಬರೆದ ಸರಳ ರೂಪದಲ್ಲಿ ಒತ್ತಡವೂ ಇಲ್ಲ, ರಸದ ಹರಿವೂ ಇಲ್ಲ. ಕೊಳವೆ ಯಾಕೆ ದಪ್ಪವಾಯಿತು ಎಂದರೆ ಅಲ್ಲಿ ಉತ್ತರ ಸಿಗಲ್ಲ.

ಆ ಉತ್ತರ ತೆರೋ ಅವರ ಲೆಕ್ಕದಲ್ಲಿದೆ. ಮೊದಲಿಗೆ ಎಲ್ಲ ಕಡೆ ಸಣ್ಣ ಕೊಳವೆಗಳ ಬಲೆ ಇರುತ್ತದೆ. ಪ್ರತಿ ಸುತ್ತಿನಲ್ಲೂ ಎರಡು ಊರು ಆರಿಸಿ, ಒಂದರಿಂದ ರಸ ಬಿಟ್ಟು ಇನ್ನೊಂದರಲ್ಲಿ ಹೊರತೆಗೆಯಬೇಕು. ಹರಿವು ಜಾಸ್ತಿ ಇರುವ ಕೊಳವೆ ದಪ್ಪವಾಗುತ್ತದೆ, ಇಲ್ಲದ್ದು ಸೊರಗುತ್ತದೆ. ಬಿಡುವ ರಸ ಕಮ್ಮಿಯಾದರೆ ಉಳಿಯುವುದು ಮರದಂಥ ಕವಲು ಮಾತ್ರ. ಹೆಚ್ಚಿಸಿದರೆ ಸುತ್ತುದಾರಿಗಳೂ ಉಳಿಯುತ್ತವೆ, ಒಂದು ದಾರಿ ಕಡಿದರೂ ಊರು ಒಂಟಿಯಾಗಲ್ಲ. ನೋಡೋಕೆ ಸಪ್ಪೆ, ಬರೆಯೋಕೆ ಸ್ವಲ್ಪ ಗಣಿತ ಬೇಕು. ಆದರೆ ಜಾಲದ ಉದ್ದ ಎಷ್ಟು, ಎಷ್ಟು ಗಟ್ಟಿ ಎಂದು ಅಂಕಿಯಲ್ಲಿ ಹೇಳಲು ನನ್ನ ಪ್ರಯೋಗದಲ್ಲಿ ಒದಗಿದ್ದು ಇದೊಂದೇ. ಅದರಲ್ಲೂ ಹರಿವಿನ ಮಿಡಿತ ಇಲ್ಲ, ಸರಾಸರಿ ಹರಿವು ಮಾತ್ರ.

ಪ್ರೋಗ್ರಾಂ ಬರೆಯುವವರಿಗೆ ತೆರೋ ಲೆಕ್ಕವನ್ನೇ ಹೇಳುತ್ತೇನೆ, ಜೋನ್ಸ್ ಅವರದ್ದನ್ನು ಕಣ್ತುಂಬ ನೋಡೋಕೆ ಜೊತೆಗಿಟ್ಟುಕೊಳ್ಳಿ. ಮಕ್ಕಳಿಗೆ ತೋರಿಸುವ ಮೇಷ್ಟರು, ಟೀಚರ್‌ಗಳು ಮಾತ್ರ ಜೀವಂತದ್ದನ್ನೇ ಬೆಳೆಸಿ. ರಜೆ ಬಂದರೆ ಫಿಲ್ಟರ್ ಪೇಪರಿಗೆ ಹರಿಯಲು ಬಿಟ್ಟು, ಕತ್ತಲಲ್ಲಿ ನಿಧಾನವಾಗಿ ಒಣಗಿಸಿ, ಲಕೋಟೆಗೆ ಹಾಕಿಡಿ. ಶಾಲೆ ಶುರುವಾಗುವ ಒಂದೆರಡು ದಿನ ಮೊದಲು ನೀರು ಚಿಮುಕಿಸಿದರೆ ಸಾಕು.