ಮೂರು ಕ್ಯಾಮೆರಾ, ಒಂದೇ ಹೂವಿನ ಸಾಲು: ಲುಬಿಟೆಲ್, ಯಾಶಿಕಾ, ಮಾಮಿಯಾ

ಮೂರೂ ಹಳೆಯ ಫಿಲ್ಮ್ ಕ್ಯಾಮೆರಾಗಳು. ಲುಬಿಟೆಲ್ 166ಬಿ ನಾನೇ ಕೊಂಡಿದ್ದು. ಯಾಶಿಕಾ ಮ್ಯಾಟ್ 124ಜಿ ಮಾವನ ಬೀರುವಿನಿಂದ ಬಂತು. ಮಾಮಿಯಾ ಎಂ645 1000ಎಸ್ ಗೆಳೆಯನದು, ಒಂದು ವಾರದ ಮಟ್ಟಿಗೆ. ಮೂರಕ್ಕೂ ಇಲ್ಫರ್ಡ್ ಎಚ್‌ಪಿ5 ಕಪ್ಪುಬಿಳುಪು ರೀಲು ತುಂಬಿಕೊಂಡು ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋದೆ.

ಅಗ್ಗದ ಬೆಲೆ ನೋಡಿದರೆ ಲುಬಿಟೆಲ್ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಲೆನಿನ್‌ಗ್ರಾಡ್‌ನ ಲೋಮೋ ಕಾರ್ಖಾನೆಯದು. ಮೈ ಪ್ಲಾಸ್ಟಿಕ್, ಲೆನ್ಸ್ ಮಾತ್ರ ಗಾಜಿನದೇ. ಬಿಸಿಲಲ್ಲಿ ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಫೋಕಸ್ ಗೊತ್ತಾಗುವುದು ಮೇಲಿನಿಂದ ಬಗ್ಗಿ ನೋಡುವ ಗಾಜಿನ ನಡುವೆ ಇರುವ ಪುಟ್ಟ ಮಬ್ಬು ಚುಕ್ಕೆಯಲ್ಲಿ ಮಾತ್ರ. ಹೂವಿನಂಗಡಿಯ ನೆರಳಲ್ಲಿ ಆ ಚುಕ್ಕೆಯೂ ಕತ್ತಲೆ. ಕೊನೆಗೆ ಹೆಜ್ಜೆ ಲೆಕ್ಕ ಹಾಕಿ, ಲೆನ್ಸ್ ಮೇಲಿನ ಅಂಕಿ ನೋಡಿ ತಿರುಗಿಸಿದೆ. ಫಿಲ್ಮ್ ಸುತ್ತುವುದೂ ಶಟರ್ ಎಳೆದು ಸಿದ್ಧ ಮಾಡುವುದೂ ಬೇರೆ ಬೇರೆ ಕೆಲಸ. ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ನೋಡುತ್ತಾ ಸುತ್ತಬೇಕು, ಮರೆತರೆ ಒಂದು ಚಿತ್ರದ ಮೇಲೆ ಇನ್ನೊಂದು ಬೀಳುವುದನ್ನು ಕ್ಯಾಮೆರಾ ತಡೆಯುವುದಿಲ್ಲ. ನಾನು ಮರೆತೆ. ಮಲ್ಲಿಗೆ ಮೊಳ ಹಾಕುತ್ತಿದ್ದ ಅಜ್ಜಿಯ ಕೈ ಮೇಲೆ ಈಗ ಒಂದು ಬಾಳೆಗೊನೆ ಕೂತಿದೆ.

ಯಾಶಿಕಾದಲ್ಲಿ ಆ ಗೋಳಿಲ್ಲ. ಮಗ್ಗುಲಿನ ಹಿಡಿಕೆ ಮುಂದಕ್ಕೆ ಸುತ್ತಿದರೆ ಫಿಲ್ಮ್ ಸರಿಯುತ್ತದೆ, ಹಿಂದಕ್ಕೆ ತಂದರೆ ಶಟರ್ ಸಿದ್ಧ. ಇಡೀ ಪರದೆಯಲ್ಲಿ ಎಲ್ಲಿ ಬೇಕಾದರೂ ಫೋಕಸ್ ನೋಡಬಹುದು. ಎಡಬಲ ಅದಲುಬದಲಾಗಿ ಕಾಣುವುದಕ್ಕೆ ಮೊದಲ ಅರ್ಧ ರೀಲು ಒದ್ದಾಡಿದೆ, ಆಮೇಲೆ ಕೈ ಪಳಗಿತು. ಸದ್ದೂ ಇಲ್ಲ. “ಹೊಟ್ಟೆ ಮೇಲೆ ಡಬ್ಬ ಇಟ್ಕೊಂಡು ಏನ್ ನೋಡ್ತಿದ್ದೀಯಪ್ಪಾ?” ಅಂದರು ಅದೇ ಅಜ್ಜಿ. ಅಷ್ಟರಲ್ಲಿ ಎರಡು ಚಿತ್ರ ಆಗಿತ್ತು. ಇದರ ಬೆಳಕು ಅಳೆಯುವ ಮೀಟರ್‌ಗೆ ಬೇಕಾದ 1.35 ವೋಲ್ಟ್ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ನಾನು ಫೋನಿನಲ್ಲೇ ಬೆಳಕು ಅಳೆದೆ. ಹಾಗಾಗಿ ಸುಮ್ನೆ 124ಜಿ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ, ಮೀಟರೇ ಇಲ್ಲದ ಹಳೆಯ ಯಾಶಿಕಾ ಮ್ಯಾಟ್ ಸಾಕು. ಕೊಳ್ಳುವಾಗ ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ ನೋಡಿ. ಗ್ರೀಸ್ ಒಣಗಿದ್ದರೆ ಅಲ್ಲೇ ತಡವರಿಸುತ್ತದೆ.

ಮಾಮಿಯಾದ 80 ಎಂಎಂ ಎಫ್/2.8 ಲೆನ್ಸ್ ಮೂರರಲ್ಲೂ ಹೆಚ್ಚು ಬೆಳಕು ಬಿಡುತ್ತದೆ. ನೆರಳಲ್ಲಿ ಅದರ ನೆಗೆಟಿವ್‌ಗಳೇ ಚೆಂದ. ಉಳಿದೆರಡರಲ್ಲಿ ರೀಲಿಗೆ 12 ಚಿತ್ರ, ಇದರಲ್ಲಿ 15. ಇವತ್ತಿನ ರೀಲಿನ ಬೆಲೆಗೆ ಅದೂ ಒಂದು ಲೆಕ್ಕವೇ, ಅಲ್ವಾ? ಆದರೆ ಒಳಗಿನ ಕನ್ನಡಿ ಎದ್ದಾಗ ಆಗುವ ‘ಟಪ್’ ಸದ್ದಿಗೆ ಸಾಲಿನವರೆಲ್ಲ ತಿರುಗಿ ನೋಡಿದರು. ಮೇಲಿನಿಂದ ಬಗ್ಗಿ ನೋಡುವ ಹುಡ್ ಇದ್ದರೆ ನಿಲುವಿನ ಚಿತ್ರ ತೆಗೆಯಲು ಕತ್ತು ಸೊಟ್ಟ ಮಾಡಬೇಕು. ಕಣ್ಣಿಗೆ ಹಿಡಿದು ನೇರ ನೋಡುವ ಪ್ರಿಸ್ಮ್ ಹಾಕಿದರೆ ತೂಕ ಇನ್ನೂ ಹೆಚ್ಚು. 6 ವೋಲ್ಟ್ ಬ್ಯಾಟರಿ ಸತ್ತರೆ ಶಟರೂ ಸತ್ತ ಹಾಗೆ. ಮನೆಯಲ್ಲಿ ಕೂರಿಸಿ ಮುಖಚಿತ್ರ ತೆಗೆಯುವವರು ಕಣ್ಣುಮುಚ್ಚಿ ಇದನ್ನೇ ಕೊಳ್ಳಲಿ. ಬೀದಿ ಸುತ್ತುವ ನನಗೆ ಬೇಡ.

ಮಾಮಿಯಾ ವಾಪಸ್ ಕೊಟ್ಟಾಯಿತು. ಲುಬಿಟೆಲ್ ತಂಗಿಯ ಮಗನ ಕೈಯಲ್ಲಿದೆ. ಯಾಶಿಕಾ ಎಲ್ಲಿ ಅಂತ ಮಾವ ಇನ್ನೂ ಕೇಳಿಲ್ಲ.