ಕೈಯ ಬಲ ಕುಗ್ಗಿದಾಗ ಮೂಳೆತಜ್ಞರೋ, ನರತಜ್ಞರೋ?

ಅಂಗಿಯ ಗುಂಡಿ ಹಾಕಲು ಬೆರಳುಗಳು ಸೋಲತೊಡಗಿದಾಗ ಬಹಳಷ್ಟು ಮಂದಿ ಮೊದಲು ಶಂಕಿಸುವುದು ಕತ್ತಿನ ಮೂಳೆ ಸವೆತವನ್ನು. ಸವೆತದಿಂದ ನರ ಒತ್ತಲ್ಪಟ್ಟಿದ್ದರೆ ಸಾಮಾನ್ಯವಾಗಿ ಕತ್ತಿನಿಂದ ತೋಳಿಗಿಳಿಯುವ ನೋವು ಮತ್ತು ಜೋಮು ಜೊತೆಗಿರುತ್ತವೆ. ಸ್ನಾಯುಗಳನ್ನು ಚಲಿಸುವಂತೆ ಮಾಡುವ ನರಕೋಶಗಳು ನಶಿಸುವ ಕಾಯಿಲೆಯಾದ ಎಎಲ್‌ಎಸ್‌ನಲ್ಲಿ ಹಾಗಲ್ಲ: ಸ್ಪರ್ಶಜ್ಞಾನ ಉಳಿದಿರುವಾಗಲೇ, ಹೆಚ್ಚಾಗಿ ನೋವಿಲ್ಲದೆ, ಒಂದು ಕೈಯಲ್ಲೋ ಕಾಲಿನಲ್ಲೋ ದೌರ್ಬಲ್ಯ ಆರಂಭವಾಗಿ, ಹೆಬ್ಬೆರಳಿನ ಬುಡದ ಮಾಂಸಖಂಡ ಕರಗುತ್ತಾ, ಚರ್ಮದಡಿ ಸ್ನಾಯು ಅದುರುತ್ತಾ, ತಿಂಗಳುಗಳಲ್ಲಿ ಹಬ್ಬುತ್ತದೆ, ಕೆಲವರಲ್ಲಿ ಮಾತಿನ ತೊದಲುವಿಕೆಯೇ ಮೊದಲ ಸುಳಿವು. (ಬಲ ಕುಗ್ಗದೆ ಬರೀ ಅದುರುವಿಕೆಯಿದ್ದರೆ ಅದು ಬಹುಮಟ್ಟಿಗೆ ನಿರಪಾಯಕಾರಿ.) ನಿಮ್ಮ ಲಕ್ಷಣಗಳು ಈ ಎರಡನೆಯ ಕಾಯಿಲೆಯನ್ನೇ ಹೋಲುವುದಾದರೆ, 50 ದಾಟಿದವರ ಎಂಆರ್‌ಐಯಲ್ಲಿ ಸವೆತ ಕಾಣುವುದು ಸಹಜವಾದ್ದರಿಂದ, ಅದನ್ನೇ ನೆಚ್ಚಿ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ದಯವಿಟ್ಟು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ನರತಜ್ಞರನ್ನು ಕಂಡು, ಅವರು ಸೂಚಿಸಿದರೆ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆ ಮಾಡಿಸಿಕೊಳ್ಳಿ.